ಎಣಿಸದೆ ಬರೆದ ಇಪ್ಪತ್ತು

ಕಣ್ಣು ಮುಚ್ಚಿ ಉಸಿರನ್ನು ನೋಡಿ ಎಂದು ಯಾರಾದರೂ ಹೇಳಿದ ಕೂಡಲೇ ನನ್ನ ಉಸಿರು ಕೆಡುತ್ತಿತ್ತು. ಅಲ್ಲಿಯವರೆಗೆ ತನ್ನ ಪಾಡಿಗೆ ತಾನು ಓಡಾಡಿಕೊಂಡಿದ್ದದ್ದು, ನಾನು ನೋಡಿದ ತಕ್ಷಣ, ಎಳೆದರೆ ಮಾತ್ರ ಬರುತ್ತೇನೆ ಎಂದು ಹಟ ಹಿಡಿಯುತ್ತಿತ್ತು. ಎಳೆಯುವುದನ್ನು ಮರೆತರೆ ನಿಂತೇ ಹೋದೀತು ಎಂದು ಹೆದರಿ ನಾನು ಎಳೆದೆಳೆದು ಉಸಿರಾಡುತ್ತಿದ್ದೆ. ಎರಡೇ ನಿಮಿಷಕ್ಕೆ ತುಟಿಯ ಸುತ್ತ ಜುಮುಜುಮು, ಬೆರಳ ತುದಿ ತಣ್ಣಗೆ. ನರ್ಸಿಂಗ್ ಎರಡನೇ ವರ್ಷದಲ್ಲಿ, ವಾರಕ್ಕೆ ಐದು ದಿನ, ಬೆಳಿಗ್ಗೆ ಏಳು ಗಂಟೆಗೆ, ನಾನು ಮಾಡಿದ ಧ್ಯಾನ ಇದು.

ಆ ವರ್ಷ ನಮ್ಮ ಕಾಲೇಜಿನಲ್ಲಿ ಹುಡುಗಿಯರು ಒಬ್ಬೊಬ್ಬರಾಗಿ ಕುಸಿಯತೊಡಗಿದ್ದರು. ಒಬ್ಬಳು ವಾರ್ಡಿನಲ್ಲೇ ಬವಳಿ ಬಂದು ಬಿದ್ದಳು. ಒಬ್ಬಳು ಇಂಜೆಕ್ಷನ್ ಟ್ರೇ ಹಿಡಿದುಕೊಂಡೇ ಅತ್ತಳು. ಇನ್ನೊಬ್ಬಳು ದಸರಾ ರಜೆಗೆಂದು ಊರಿಗೆ ಹೋದವಳು ತಿರುಗಿ ಬರಲೇ ಇಲ್ಲ. ಆಗ ಮನೋರೋಗ ಶುಶ್ರೂಷೆ ಕಲಿಸುವ ಮೇಡಂ ನಮಗಾಗಿ ಎಂಟು ವಾರದ ಧ್ಯಾನದ ತರಗತಿ ಶುರು ಮಾಡಿದರು. ಜಾಗ ಬೇರೆ ಇಲ್ಲದ್ದರಿಂದ ನಮ್ಮ ಪ್ರಾಕ್ಟಿಕಲ್ ಕೋಣೆಯಲ್ಲೇ ಚಾಪೆ ಹಾಸಿದ್ದರು. ಮೇಲೆ ಮಂಚಗಳಲ್ಲಿ ಪ್ಲಾಸ್ಟಿಕ್ಕಿನ ರೋಗಿಗಳು ಬಾಯಿ ತೆರೆದು ಮಲಗಿರುತ್ತಿದ್ದವು, ಕೆಳಗೆ ನಾವು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿರುತ್ತಿದ್ದೆವು. ಮೊದಲ ದಿನ ಒಂದು ಫಾರ್ಮ್ ಕೊಟ್ಟು, ಎಷ್ಟು ಸಲ ಹೆದರಿಕೆ ಆಗುತ್ತದೆ, ಎಷ್ಟು ಸಲ ನಿದ್ದೆ ಬರುವುದಿಲ್ಲ ಎಂದೆಲ್ಲ ಕೇಳಿದ್ದರು. ನಾನು ಪ್ರತಿಯೊಂದಕ್ಕೂ 'ಕೆಲವೊಮ್ಮೆ' ಎಂದು ಗುರುತು ಹಾಕಿ ಕೊಟ್ಟೆ. ಯಾರಿಗೂ ತೊಂದರೆ ಕೊಡದ ಉತ್ತರ ಅದು.

ನಿಜ ಹೇಳಬೇಕೆಂದರೆ ನನಗೆ ಯಾವಾಗಲೂ ಹೆದರಿಕೆ. ನನ್ನ ಕೈಯಿಂದ ಯಾರದೋ ಜೀವ ಹೋಗಿಬಿಡುತ್ತದೆ ಎಂಬ ಒಂದೇ ಹೆದರಿಕೆ, ದಿನಕ್ಕೊಂದು ವೇಷ ಹಾಕಿ ಬರುತ್ತಿತ್ತು. ಒಂದು ದಿನ ಔಷಧಿಯ ಲೆಕ್ಕ, ಇನ್ನೊಂದು ದಿನ ರಕ್ತದ ಬಾಟಲಿಯ ಮೇಲಿನ ಚೀಟಿ. ಕುಷಾಯಿಗೂಡದ ನಮ್ಮ ಮನೆಯಿಂದ ಹೊರಟಾಗ ಗ್ಯಾಸ್ ಆರಿಸಿದೆನೇ ಎಂದು ಹೆದರುವವಳು, ವಾರ್ಡಿನಿಂದ ಮರಳುವಾಗ ಸಲೈನಿನ ಕೊಳವೆ ಬಿಗಿ ಮಾಡಿದೆನೇ ಎಂದು ಹೆದರುತ್ತಿದ್ದೆ. ಅಪ್ಪ ಕನ್ನಡ ನಾಡಿನಿಂದ ಈ ತೆಲುಗು ಊರಿಗೆ ಬಂದು, ಹತ್ತಿರದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷ ಒಂದು ಸ್ಕ್ರೂ ತಪ್ಪದೆ ಕೆಲಸ ಮಾಡಿದ ಮನುಷ್ಯ, ನನ್ನ ಕಷ್ಟ ಅವರಿಗೆ ತಿಳಿಯುತ್ತಿರಲಿಲ್ಲ. ಅವ್ವ ಮಾತ್ರ ಬೆಳಿಗ್ಗೆ ಆರಕ್ಕೇ ರೊಟ್ಟಿ ಬಡಿದು ಎದುರಿಗೆ ಕೂರುತ್ತಿದ್ದಳು.

"ಎರಡ ತುತ್ತ ತಿಂದ ಹೋಗ. ಹಸದ ಹೊಟ್ಯಾಗ ಹೆದರಿಕಿ ಭಾಳ ಆಕೈತಿ. ನಂಗ ಗೊತ್ತೈತಿ."

ಮೇಡಂ ಇಂಗ್ಲಿಷು ತೆಲುಗು ಬೆರೆಸಿ ಮೆಲ್ಲಗೆ ಮಾತಾಡುತ್ತಿದ್ದರು. ಹೆದರಿಕೆ ಬಂದರೆ ಓಡಿಸಬೇಡಿ, ಇದು ಹೆದರಿಕೆ ಎಂದು ಮನಸ್ಸಿನಲ್ಲೇ ಅದರ ಹೆಸರು ಹೇಳಿ, ಮತ್ತೆ ಉಸಿರಿಗೆ ಬನ್ನಿ ಎನ್ನುತ್ತಿದ್ದರು. ಹೆಸರು ಹಿಡಿದು ಕರೆದರೆ ಹೆದರಿಕೆ ಬಂದು ಪಕ್ಕದಲ್ಲಿ ಕೂರುತ್ತದೆ, ಅಷ್ಟೇ, ಎಂದು ನಾನು ಗೆಳತಿಯರ ಮುಂದೆ ಗೇಲಿ ಮಾಡುತ್ತಿದ್ದೆ. ಎರಡನೇ ವಾರದ ಹೊತ್ತಿಗೆ ಧ್ಯಾನದ ನಟನೆ ಚೆನ್ನಾಗಿ ಕೈಹತ್ತಿತು. ಮುಖ ಸಡಿಲ ಬಿಟ್ಟು, ಕಣ್ಣು ಮುಚ್ಚಿ, ಒಳಗೆ ಔಷಧಿಗಳ ಪಟ್ಟಿ ಬಾಯಿಪಾಠ ಮಾಡುತ್ತಿದ್ದೆ. ಮೇಡಂ ನನ್ನನ್ನೇ ತೋರಿಸಿ, ನೋಡಿ ಎಷ್ಟು ಶಾಂತವಾಗಿದ್ದಾಳೆ ಎಂದಿದ್ದೂ ಉಂಟು.

ರಸ್ತೆಯಾಚೆಯ ದೊಡ್ಡ ಆಸ್ಪತ್ರೆಯಲ್ಲಿ ನಮಗೆ ಡ್ಯೂಟಿ. ಆಪರೇಷನ್ ಆದ ಗಂಡಸರ ವಾರ್ಡಿನಲ್ಲಿ ಹದಿನಾಲ್ಕು ಹಾಸಿಗೆ ನನ್ನ ಪಾಲಿಗಿದ್ದವು. ಪ್ರತಿಯೊಬ್ಬರ ಜ್ವರ, ನಾಡಿ, ಉಸಿರು ನೋಡಿ ಹಾಸಿಗೆಯ ಕಾಲಕಡೆ ತೂಗುಹಾಕಿದ ಚಾರ್ಟಿನಲ್ಲಿ ಬರೆಯಬೇಕು. ಉಸಿರನ್ನು ಎಣಿಸುವುದಕ್ಕೆ ಒಂದು ಕಳ್ಳ ಉಪಾಯ ಕಲಿಸಿರುತ್ತಾರೆ. ನಿಮ್ಮ ಉಸಿರು ಎಣಿಸುತ್ತೇನೆ ಎಂದು ರೋಗಿಗೆ ಹೇಳಿದರೆ ಅವನ ಉಸಿರು ಬದಲಾಗಿಬಿಡುತ್ತದೆ. ಅದಕ್ಕೇ ನಾಡಿ ಹಿಡಿದ ಬೆರಳನ್ನು ಬಿಡದೆ, ಇನ್ನೂ ನಾಡಿಯನ್ನೇ ನೋಡುತ್ತಿರುವವಳ ಹಾಗೆ ನಿಂತು, ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು.

ಪುಸ್ತಕದ ಮಾತಾಯಿತು ಅದು. ವಾರ್ಡಿಗೆ ಬಂದ ಮೊದಲ ದಿನವೇ ಸೀನಿಯರ್ ಒಬ್ಬಳು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, "ಇಪ್ಪತ್ತು ಹಾಕು, ಮುಂದೆ ನಡಿ" ಎಂದಳು. ನಿಮಿಷಕ್ಕೆ ಇಪ್ಪತ್ತು ಉಸಿರು ಎಂದರೆ ಆರೋಗ್ಯವಂತರ ಲೆಕ್ಕ, ಎಲ್ಲರೂ ಅದನ್ನೇ ಹಾಕುತ್ತಿದ್ದರು. ಆ ವಾರ್ಡಿನಲ್ಲಿ ಜ್ವರ ಏರುತ್ತಿತ್ತು, ಇಳಿಯುತ್ತಿತ್ತು, ನಾಡಿ ಓಡುತ್ತಿತ್ತು, ಉಸಿರು ಮಾತ್ರ ಎಲ್ಲರದೂ ಇಪ್ಪತ್ತು. ಮುದುಕರದೂ ಇಪ್ಪತ್ತು, ಹುಡುಗರದೂ ಇಪ್ಪತ್ತು. ಸತ್ತವರದೂ ಸಾಯುವ ಒಂದು ಗಂಟೆ ಮೊದಲು ಇಪ್ಪತ್ತೇ ಇರುತ್ತದೆ ಎಂದು ಊಟದ ಹೊತ್ತಿನಲ್ಲಿ ನಗಾಡುತ್ತಿದ್ದೆವು. ಸ್ಕ್ರೂ ತಪ್ಪದ ಅಪ್ಪನ ಮಗಳು, ಗ್ಯಾಸ್ ಆರಿಸಿದೆನೇ ಎಂದು ಮೂರು ಸಲ ನೋಡುವವಳು, ಎರಡು ತಿಂಗಳು ಒಬ್ಬರ ಉಸಿರನ್ನೂ ಎಣಿಸಲಿಲ್ಲ. ಹೆದರಿಕೆಗೂ ಎಲ್ಲಿ ಹೆದರಬೇಕೆಂದು ತಿಳಿದಿರುವುದಿಲ್ಲ.

ಒಂಬತ್ತನೇ ಹಾಸಿಗೆಯವನು ಯಾದಗಿರಿ ಕಡೆಯವನು. ಗಚ್ಚಿಬೌಲಿಯ ಯಾವುದೋ ಅಪಾರ್ಟ್‌ಮೆಂಟ್ ಕಟ್ಟುವಲ್ಲಿ ಕಬ್ಬಿಣ ಕಟ್ಟುವ ಕೆಲಸ. ಕರುಳು ತೂತಾಗಿ ಆಪರೇಷನ್ ಆಗಿತ್ತು, ಬಾಯಿಗೆ ಏನೂ ಕೊಡಬಾರದು ಎಂದು ತಲೆಯ ಬಳಿ ಬೋರ್ಡು ಹಾಕಿದ್ದರು. ಅವನ ಹೆಂಡತಿ ಅದೇ ಕೆಲಸದ ಜಾಗದಲ್ಲಿ ಬುಟ್ಟಿ ಹೊರುವವಳು. ಅವಳಿಗೆ ತೆಲುಗೂ ಬಾರದು, ಹಿಂದಿಯೂ ಅಷ್ಟಕ್ಕಷ್ಟೆ. ನಾನು ಕನ್ನಡ ಮಾತಾಡುತ್ತೇನೆ ಎಂದು ತಿಳಿದ ದಿನ ಅವಳು ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಡಾಕ್ಟರ್ ಹೇಳಿದ್ದನ್ನೆಲ್ಲ ನಾನೇ ಅವಳಿಗೆ ಕನ್ನಡದಲ್ಲಿ ಹೇಳಬೇಕಿತ್ತು. ನಾನು ಹೇಳಿದ್ದು ಅವಳಿಗೆ ಡಾಕ್ಟರ್ ಹೇಳಿದ್ದಕ್ಕಿಂತ ಹೆಚ್ಚು.

ಆಪರೇಷನ್ ಆದ ಮೂರನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ನಾನು ಚಾರ್ಟು ಹಿಡಿದು ಅವನ ಹತ್ತಿರ ಹೋದೆ. ಹೆಂಗಿದೀರಿ ಎಂದೆ.

"ಅರಾಮ... ಅದೀನ್ರಿ," ಎಂದ. ನಡುವೆ ಉಸಿರು ತೆಗೆದುಕೊಂಡ. "ಸ್ವಲ್ಪ... ದಣಿವ... ಆಕೈತಿ."

"ಬೆಳಗಿಂದ ಹಿಂಗ ಮಾತ ತುಂಡ ತುಂಡ ಮಾಡಾಕತ್ಯಾನ, ತಂಗಿ," ಎಂದಳು ಹೆಂಡತಿ.

"ಆಪರೇಷನ್ ಆಗೈತಲ್ರಿ ಅಕ್ಕಾರ, ಸುಸ್ತ ಇರತೈತಿ," ಎಂದೆ. ಅವನ ಮೂಗಿನ ಹೊಳ್ಳೆ ಅರಳುತ್ತಿದ್ದುದನ್ನು ನೋಡಿದೆ. ನೋಡಿದೆ ಎಂದು ಈಗ ಹೇಳಬಲ್ಲೆ, ಯಾಕೆಂದರೆ ಅದು ನೆನಪಿನಲ್ಲಿದೆ. ಆಗ ಮಾತ್ರ ಇನ್ನೂ ಐದು ಹಾಸಿಗೆ ಬಾಕಿ ಇದ್ದವು. ಇಪ್ಪತ್ತು ಎಂದು ಬರೆದು, ಪಕ್ಕದಲ್ಲಿ ನನ್ನ ಸಹಿ ಹಾಕಿ ಮುಂದೆ ಹೋದೆ.

ಮರುದಿನ ಬೆಳಿಗ್ಗೆ ಮೇಡಂ ಹೊಸದೊಂದು ಹೇಳಿಕೊಟ್ಟರು. ಉಸಿರನ್ನು ಬರೀ ನೋಡುವುದಲ್ಲ, ಒಂದರಿಂದ ಹತ್ತರವರೆಗೆ ಎಣಿಸಿ, ಮತ್ತೆ ಒಂದರಿಂದ ಶುರು ಮಾಡಿ. ಔಷಧಿಯ ಪಟ್ಟಿ ಆವತ್ತು ಯಾಕೋ ನೆನಪಿಗೆ ಬರಲಿಲ್ಲ, ಹಾಗಾಗಿ ಎಣಿಸಿದೆ. ಒಂದು, ಎರಡು, ಮೂರು. ಮೂರಕ್ಕೆ ಆ ಮೂಗಿನ ಹೊಳ್ಳೆ ಕಂಡಿತು. ನಾಲ್ಕಕ್ಕೆ ಅವನ ಭುಜ ಉಸಿರಿನೊಂದಿಗೆ ಮೇಲೇಳುತ್ತಿದ್ದದ್ದು ಕಂಡಿತು. ಅರಾಮ ಅದೀನ್ರಿ ಎನ್ನುವುದಕ್ಕೆ ಅವನಿಗೆ ಎರಡು ಉಸಿರು ಬೇಕಾಗಿತ್ತು. ಅದು ಇಪ್ಪತ್ತು ಆಗಿರಲಿಲ್ಲ. ಅದು ಇಪ್ಪತ್ತು ಆಗಿರಲು ಸಾಧ್ಯವೇ ಇರಲಿಲ್ಲ.

ಎದ್ದು ನಿಂತೆ. ಕೂತುಕೋ, ಬಂದದ್ದನ್ನು ಅಲ್ಲೇ ಕೂತು ನೋಡು ಎಂದು ಮೇಡಂ ಸನ್ನೆ ಮಾಡಿದರು. ನನಗೆ ಕೂರಲಾಗಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಓಡಿದೆ. ರಸ್ತೆ ದಾಟುವಾಗ ಆಟೋದವನೊಬ್ಬ ಹಿಂದಿಯಲ್ಲಿ ಚೆನ್ನಾಗಿ ಬೈದ. ಮೆಟ್ಟಿಲು ಹತ್ತುವಷ್ಟೂ ಹೊತ್ತು ಒಂಬತ್ತನೇ ಹಾಸಿಗೆ ಖಾಲಿ ಇರುತ್ತದೆ ಎಂದುಕೊಂಡೇ ಹತ್ತಿದೆ.

ಅವನು ಇದ್ದ. ಹೆಂಡತಿ ನೆಲದ ಮೇಲೆ ಕೂತು ಅವನ ಪಾದ ತಿಕ್ಕುತ್ತಿದ್ದಳು. ಅವನ ಕಣ್ಣು ಅರ್ಧ ಮುಚ್ಚಿತ್ತು, ನಾನು ಕರೆದರೆ ನನ್ನ ಕಡೆ ತಿರುಗಿದ, ಮಾತಾಡಲಿಲ್ಲ. ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ, ಪೂರ್ತಿ ಒಂದು ನಿಮಿಷ ಎಣಿಸಿದೆ. ಮೂವತ್ತೆಂಟು. ತಪ್ಪಿರಬಹುದು ಎಂದು ಮತ್ತೊಂದು ನಿಮಿಷ ಎಣಿಸಿದೆ. ಮೂವತ್ತೊಂಬತ್ತು.

ಚಾರ್ಟು ತೆಗೆದೆ. ನಿನ್ನೆ ಮಧ್ಯಾಹ್ನ ಇಪ್ಪತ್ತು, ನನ್ನ ಸಹಿ. ಸಂಜೆ ಇಪ್ಪತ್ತು, ರಾತ್ರಿ ಇಪ್ಪತ್ತು, ಬೆಳಗಿನ ಆರಕ್ಕೆ ಇಪ್ಪತ್ತು, ಬೇರೆ ಬೇರೆ ಕೈಬರಹ. ನನ್ನದನ್ನು ನೋಡಿ ಉಳಿದವರು ಇಳಿಸಿಕೊಂಡಿದ್ದರು, ನಾನು ಹಿಂದಿನವರದ್ದನ್ನು ಇಳಿಸಿಕೊಂಡ ಹಾಗೆಯೇ. ನಾನೀಗ ಮೂವತ್ತೆಂಟು ಎಂದರೆ ನಿನ್ನೆ ಎಷ್ಟಿತ್ತು ಎಂದು ಕೇಳುತ್ತಾರೆ. ಹೇಳಬಾರದ ಮಾತು, ಆದರೂ ಹೇಳುತ್ತೇನೆ: ಆ ಹಾಸಿಗೆಯ ಬಳಿ ನಾನು ಸುಮ್ಮನೆ ನಿಂತೆ. ಒಂದು ನಿಮಿಷವೋ ಎರಡೋ ಗೊತ್ತಿಲ್ಲ. ಆ ಹೊತ್ತಿನಲ್ಲಿ ಅವನು ಎಷ್ಟು ಸಲ ಉಸಿರಾಡಿದನೋ ಅಷ್ಟು ಸಲ ನಾನು ನನ್ನ ಬಗ್ಗೆಯೇ ಯೋಚಿಸಿದೆ.

"ಯಾಕ ತಂಗಿ, ಏನಾಗೈತಿ?" ಎಂದು ಹೆಂಡತಿ ಎದ್ದು ನಿಂತಳು. ಆಗ ಸಿಸ್ಟರ್ ಮೇಜಿನ ಕಡೆ ಕಾಲು ಕಿತ್ತೆ.

ವಾರ್ಡ್ ಸಿಸ್ಟರ್ ಆಗತಾನೇ ಬಂದು ಬ್ಯಾಗು ಇಡುತ್ತಿದ್ದರು. ಮೂವತ್ತು ವರ್ಷ ಸರ್ವಿಸು ಮಾಡಿದ ತೆಲುಗು ಹೆಂಗಸು, ಬೈಗುಳಕ್ಕೆ ಹೆಸರಾದವರು. ಮೂವತ್ತೆಂಟು ಎಂದ ಕೂಡಲೇ ಓಡಿಬಂದು ತಾವೇ ಎಣಿಸಿದರು, ಡಾಕ್ಟರಿಗೆ ಫೋನು ಮಾಡಿಸಿದರು, ಆಮ್ಲಜನಕದ ಮಾಸ್ಕು ಹಾಕಿದರು. ಎಲ್ಲ ಮಾಡುತ್ತಲೇ ಕೇಳಿದರು: "ನಿನ್ನೆ ಮಧ್ಯಾಹ್ನ ನಿನ್ನ ಡ್ಯೂಟಿ ಅಲ್ಲವಾ? ಆಗ ಎಷ್ಟಿತ್ತು?"

"ಇಪ್ಪತ್ತು, ಸಿಸ್ಟರ್."

"ನೀನೇ ಎಣಿಸಿದ್ದಾ?"

"ನಾನೇ."

ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹೊಟ್ಟೆಯೊಳಗಿನ ಸೋಂಕು ರಕ್ತಕ್ಕೆ ಏರಿದೆ ಎಂದರು ಡಾಕ್ಟರ್. ನಿನ್ನೆಯೆಲ್ಲ ಸರಿ ಇದ್ದವನು ಬೆಳಗಿನ ಹೊತ್ತು ಕೆಟ್ಟಿದ್ದಾನೆ ಎಂದು ಚಾರ್ಟು ನೋಡಿ ಬರೆದುಕೊಂಡರು. ಅವನನ್ನು ಐಸಿಯುಗೆ ತಳ್ಳಿಕೊಂಡು ಹೋದ ಮೇಲೆ ಸಿಸ್ಟರ್ ನನ್ನ ಬೆನ್ನು ತಟ್ಟಿದರು. ಮೇಡಂಗೂ ಸುದ್ದಿ ಮುಟ್ಟಿತು. ಅರ್ಧಕ್ಕೆ ಎದ್ದು ಓಡಿದ್ದಕ್ಕೆ ಬೈಯುತ್ತಾರೆ ಎಂದುಕೊಂಡರೆ, ಮರುದಿನದ ತರಗತಿಯಲ್ಲಿ ನನ್ನನ್ನು ನಿಲ್ಲಿಸಿ, ಎಚ್ಚರ ಇದ್ದರೆ ಏನಾಗುತ್ತದೆ ನೋಡಿ ಎಂದು ಎಲ್ಲರಿಂದ ಚಪ್ಪಾಳೆ ಹಾಕಿಸಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಎಷ್ಟು ವಿನಯ ಎಂದುಕೊಂಡಿರಬೇಕು ಎಲ್ಲರೂ.

ಆ ಚಪ್ಪಾಳೆಯ ದಿನವೇ ಸಂಜೆ ನಾಲ್ಕಕ್ಕೆ ಐಸಿಯು ಬಾಗಿಲ ಬಳಿ ಹೋದೆ. ರೋಗಿಯ ಕಡೆಯವರು ಒಬ್ಬರು, ದಿನಕ್ಕೆ ಒಂದು ಸಲ, ಐದು ನಿಮಿಷ ಒಳಗೆ ಹೋಗಬಹುದಾದ ಹೊತ್ತು ಅದು. ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಅವಳ ಗಂಡನ ಅಣ್ಣ, ಎತ್ತರದ ಆಳು, ಸೈಟಿನ ಸಿಮೆಂಟು ಇನ್ನೂ ತೋಳಿನ ಮೇಲಿತ್ತು, ಅವಳ ಮುಂದೆ ನಿಂತು ಸಣ್ಣ ದನಿಯಲ್ಲಿ ಕೇಳುತ್ತಿದ್ದ.

"ಡಾಕ್ಟರ್ ಹೇಳ್ಯಾರ. ಮೊನ್ನೆ ಸಂಜಿಕ ಚಲೋ ಇದ್ದ, ರಾತ್ರಿ ಚಲೋ ಇದ್ದ, ಎಲ್ಲಾ ಬರದಾರ. ನಸಕಿನ್ಯಾಗ ಹೆಂಗ ಕೆಟ್ಟ? ಅಲ್ಲಿ ನೀ ಒಬ್ಬಾಕಿನಾ ಇದ್ದಿ. ಏನ ಕೊಟ್ಟಿ ಅವಗ?"

ಔಷಧಿ ತರಲು ಕೆಳಗೆ ಕರೆದರೆಂದು ಅವನು ಹೋದ. ಅವಳು ನನ್ನ ದುಪಟ್ಟಾದ ತುದಿ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

"ನೀರ ಕೊಟ್ಟೆ, ತಂಗಿ. ಮೊನ್ನೆ ರಾತ್ರಿ ಕಳದು ಇನ್ನಾ ಬೆಳಕ ಹರದಿದ್ದಿಲ್ಲ. ನಾಲಿಗಿ ಒಣಗೈತಿ ಅಂತ ಭಾಳ ಗೋಗರದ. ಎರಡ ಚಮಚಾ ಅಷ್ಟ. ಬೋರ್ಡ ಹಾಕ್ಯಾರ, ಗೊತ್ತಿತ್ತು ನಂಗ. ನಾನಾ ಕೊಂದೆನೇನ ಅವನ್ನ? ಯಾರಿಗೂ ಹೇಳಬ್ಯಾಡ. ಭಾವಗ ಗೊತ್ತಾದರ ನನ್ನ ಮಕ್ಕಳನ್ನ ಕಸ್ಕೊಂಡ ಹೋಗತಾನ."

ಅವಳ ಪಕ್ಕದಲ್ಲಿ ಕೂತೆ. ನೀರು ಕೊಟ್ಟದ್ದು ನಸುಕಿನಲ್ಲಿ. ಅವನ ಮಾತು ತುಂಡಾದದ್ದು ಅದರ ಹಿಂದಿನ ಹಗಲು. ಅದನ್ನು ಕಂಡವಳು ನಾನು, ಅವಳೂ ಕಂಡು ನನಗೆ ಬಾಯಿಬಿಟ್ಟು ಹೇಳಿದ್ದಳು. ಆದರೆ ನಾನು ಸುಸ್ತು ಎಂದದ್ದಕ್ಕೆ ತಾನು ಕಂಡದ್ದನ್ನೇ ಅವಳು ನಂಬದೆ ಹೋದಳು. ಈಗ ಚಾರ್ಟಿನಲ್ಲಿ ನನ್ನ ಇಪ್ಪತ್ತು ಕೂತು, ಹಗಲು ಎಲ್ಲ ಸರಿಯಿತ್ತು, ಕೆಡಿಸಿದವಳು ಇವಳು ಎಂದು ಅವಳ ಕಡೆ ಬೆರಳು ತೋರಿಸುತ್ತಿತ್ತು.

ಏನೂ ಆಗಲ್ಲ, ಹೆದರಬ್ಯಾಡ್ರಿ ಎಂದು ಎದ್ದುಹೋಗಬಹುದಿತ್ತು. ಹೋಗಬೇಕೆಂದೇ ಇದ್ದೆ. ಕಾಲೇಜಿನಿಂದ ತೆಗೆದುಹಾಕುತ್ತಾರೆ, ಅಪ್ಪನ ಮುಖ ಹೇಗೆ ನೋಡುವುದು, ಅವನ ಅಣ್ಣ ಕೈ ಎತ್ತಿದರೆ ಬಿಡಿಸುವವರು ಯಾರು. ಆ ಗೋಡೆಗೆ ಒರಗಿ, ಆರು ವಾರದಲ್ಲಿ ಮೊದಲ ಸಲ, ನಟನೆ ಇಲ್ಲದೆ ಕೂತೆ. ಇದು ಹೆದರಿಕೆ ಎಂದುಕೊಂಡೆ. ಅದು ಕಡಿಮೆಯಾಗಲಿಲ್ಲ, ಒಂದಿಷ್ಟೂ ಆಗಲಿಲ್ಲ. ಆದರೆ ಹೆದರಿಕೆ ನನ್ನೊಬ್ಬಳ ಬಗ್ಗೆಯೇ ಇತ್ತು ಎಂದು ಮಾತ್ರ ಸ್ಪಷ್ಟವಾಗಿ ಕಂಡಿತು, ಮತ್ತು ನನಗೆ ಬಹಳ ನಾಚಿಕೆಯಾಯಿತು. ಅಷ್ಟರಲ್ಲಿ ಅಣ್ಣ ಔಷಧಿಯ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದ. ಅವನು ಹತ್ತಿರ ಬರುವವರೆಗೆ ಕಾದು, ಎದ್ದು ನಿಂತು ಹೇಳಿದೆ.

"ಅವರ ಉಸುರು ಹಗಲೊತ್ತಿನ್ಯಾಗನಾ ಕೆಟ್ಟಿತ್ರಿ. ನಸಕಿನ್ಯಾಗ ಅಲ್ಲ. ಅಕ್ಕಾರು ನನಗ ಹೇಳಿದ್ರು. ನಾ ಎಣಿಸಲಿಲ್ಲ. ಎಣಿಸದನಾ ಚಲೋ ಐತಿ ಅಂತ ಬರದೆ. ಆ ಬರದದ್ದು ಸುಳ್ಳರಿ."

ಅಣ್ಣ ಒಂದು ಹೆಜ್ಜೆ ಮುಂದಿಟ್ಟಾಗ ನಾನು ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. ಕಣ್ಣು ತೆರೆದರೆ ಹೆಂಡತಿ ನಮ್ಮಿಬ್ಬರ ನಡುವೆ ನಿಂತಿದ್ದಳು. ನನ್ನನ್ನು ಕಾಯುವುದಕ್ಕೆ ನಿಂತಳು ಎಂದುಕೊಂಡೆ, ಆದರೆ ಅವಳ ಮುಖದಲ್ಲಿ ಆ ಭಾವ ಇರಲಿಲ್ಲ. ಅವಳು ನನ್ನ ಮುಖವನ್ನು ಹತ್ತಿರದಿಂದ ನೋಡುತ್ತಿದ್ದಳು, ಇದುವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ ಎನ್ನುವ ಹಾಗೆ.

ಆ ಸಂಜೆಯೇ ಸಿಸ್ಟರಿಗೂ ಮೇಡಂಗೂ ಹೇಳಿದೆ. ಸಿಸ್ಟರ್ ಬೈಯಲಿಲ್ಲ, ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಡಾಕ್ಟರ್ ತಮ್ಮ ಬರಹ ತಿದ್ದಿದರು. ನನಗೆ ಎಚ್ಚರಿಕೆಯ ಪತ್ರ ಬಂತು, ಆ ವಾರ್ಡಿನ ಡ್ಯೂಟಿಯನ್ನೆಲ್ಲ ಮೊದಲಿನಿಂದ ಮತ್ತೆ ಮಾಡಬೇಕಾಯಿತು. ಎಂಟನೇ ವಾರದ ಫಾರ್ಮಿನಲ್ಲಿ ಎಷ್ಟು ಸಲ ಹೆದರಿಕೆ ಆಗುತ್ತದೆ ಎಂಬುದಕ್ಕೆ 'ಯಾವಾಗಲೂ' ಎಂದು ಗುರುತು ಹಾಕಿದೆ. ಮೇಡಂ ಅದನ್ನು ಓದಿ, ನನ್ನನ್ನು ಒಮ್ಮೆ ನೋಡಿ, ಫೈಲಿನಲ್ಲಿ ಇಟ್ಟುಕೊಂಡರು. ಒಂಬತ್ತನೇ ಹಾಸಿಗೆಯವನು ಹನ್ನೆರಡನೆಯ ದಿನ ಐಸಿಯುನಿಂದ ಹೊರಗೆ ಬಂದ. ಇದೆಲ್ಲ ಆಮೇಲಿನ ಮಾತು. ಆ ನಾಲ್ಕು ಗಂಟೆಗೆ ಅವನು ಉಳಿಯುತ್ತಾನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಐಸಿಯು ಬಾಗಿಲು ತೆರೆದು ಒಳಗಿನವರು ಯಾದಗಿರಿಯವನ ಕಡೆಯವರು ಯಾರು ಎಂದು ಕೂಗಿದರು. ಅಣ್ಣ ತಮ್ಮನ ಹೆಂಡತಿಯ ಕಡೆ ನೋಡಿದ. ಬೆಳಗಿನಿಂದ ಅವಳು ಆ ಐದು ನಿಮಿಷಕ್ಕಾಗಿಯೇ ಅಲ್ಲಿ ಕೂತಿದ್ದಳು, ಮುಖ ತೊಳೆದು, ತಲೆ ಬಾಚಿಕೊಂಡು. ಅವಳು ಅಲ್ಲಾಡಲಿಲ್ಲ.

"ನಾ ಹೋಗಂಗಿಲ್ಲ," ಎಂದಳು ನನಗೆ. "ನಾ ನೋಡಿದರ ನಂಗೇನ ತಿಳೀತೈತಿ? ನೀ ಹೋಗ. ಎಣಿಸ್ಕೊಂಡ ಬಾ."

ಒಳಗೆ ಹೋದೆ. ಮಾಸ್ಕಿನ ಕೆಳಗೆ ಅವನ ಗಡ್ಡ ಬೆಳೆದಿತ್ತು. ತಲೆಯ ಬಳಿಯ ಯಂತ್ರದಲ್ಲಿ ಅಂಕಿ ಕಾಣುತ್ತಿತ್ತು, ಅದರ ಕಡೆ ನೋಡಲಿಲ್ಲ. ಅವನ ಮಣಿಕಟ್ಟು ಹಿಡಿದು ಎದೆಯ ಮೇಲೆ ಕಣ್ಣಿಟ್ಟು ನಿಂತೆ. ಐದು ನಿಮಿಷವೂ ಎಣಿಸಿದೆ, ಪ್ರತಿ ನಿಮಿಷಕ್ಕೂ ಬೇರೆ ಬೇರೆಯಾಗಿ. ಹೊರಗೆ ಬಂದಾಗ ಅವಳು ನಿಂತ ಜಾಗದಲ್ಲೇ ನಿಂತಿದ್ದಳು.

"ಮೂವತ್ತೊಂದು," ಎಂದೆ. "ಇನ್ನಾ ಜಾಸ್ತಿ ಐತ್ರಿ. ನಿನ್ನಿಗಿಂತ ಕಡಿಮಿ."

ಅವಳು ನನ್ನ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ.

"ಇದು ಖರೇನಾ?"